ಫಾಂಟ್ ಒಂದೇ, ಆದರೂ ಒಂದು ಕಡೆ ಮಾತ್ರ ಒತ್ತಕ್ಷರ ಒಡೆಯುತ್ತದೆ. ಯಾಕೆ?

ಪ್ರಶ್ನೆ:
ನಮ್ಮ ಊರಿನ ರಾಜ್ಯೋತ್ಸವಕ್ಕೆ 40 ಪುಟದ ಸ್ಮರಣ ಸಂಚಿಕೆ ಮಾಡುತ್ತಿದ್ದೇನೆ. ಮೊಬೈಲಿನಲ್ಲಿ ಟೈಪ್ ಮಾಡಿದಾಗ ಎಲ್ಲ ಸರಿ ಇತ್ತು. ಅದನ್ನೇ ಪುಟ ಕಟ್ಟುವ ಸಾಫ್ಟ್‌ವೇರಿಗೆ ಹಾಕಿದರೆ ‘ಸ್ತ್ರೀ’ ಅನ್ನುವುದು ಸ್, ತ್, ರೀ ಅಂತ ಬೇರೆ ಬೇರೆ ನಿಲ್ಲುತ್ತದೆ, ‘ಕರ್ನಾಟಕ’ದ ಅರ್ಕಾವತ್ತು ಮಾಯ. ಎರಡೂ ಕಡೆ ನೋಟೋ ಸಾನ್ಸ್ ಕನ್ನಡ ಫಾಂಟೇ ಇದೆ. ಹಳೇ ಆಸ್ಕಿ ಫಾಂಟಿನಲ್ಲಿ ಮತ್ತೆ ಟೈಪ್ ಮಾಡಿಸಿ ಅಂತ ಪ್ರೆಸ್‌ನವರು ಹೇಳುತ್ತಿದ್ದಾರೆ. ಬೇರೆ ದಾರಿ ಇಲ್ಲವಾ?

ಉತ್ತರ 1:
ದಯವಿಟ್ಟು ಮತ್ತೆ ಟೈಪ್ ಮಾಡಿಸಬೇಡಿ, ನಿಮ್ಮ ಪಠ್ಯ ಸರಿಯಾಗೇ ಇದೆ. ಯೂನಿಕೋಡಿನಲ್ಲಿ, ಅಂದರೆ ಈಗ ಮೊಬೈಲು, ಕಂಪ್ಯೂಟರು ಅಕ್ಷರಗಳನ್ನು ಉಳಿಸುವ ಸಂಕೇತ ಪದ್ಧತಿಯಲ್ಲಿ, ಒತ್ತಕ್ಷರಕ್ಕೆ ಅಂತ ಬೇರೆ ಸಂಕೇತ ಇಲ್ಲ. ‘ಸ್ತ್ರೀ’ ಅಂದರೆ ಆರು ಸಂಕೇತ: ಸ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ತ, ಹಲಂತ, ರ, ಕೊನೆಗೆ ಈ ಸ್ವರದ ಗುರುತು. ನಾವು ಉಚ್ಚರಿಸುವ ಕ್ರಮದಲ್ಲೇ ಕೂತಿರುತ್ತವೆ. ಈಗ ಅದನ್ನೇ ಕಾಗದದ ಮೇಲೆ ಬರೆದು ನೋಡಿ. ಕೊನೆಯಲ್ಲಿದ್ದ ಸ್ವರದ ಗುಡಿಸು ಮೊದಲಿನ ಸ ಮೇಲೆ ಹತ್ತುತ್ತದೆ, ತ ಮತ್ತು ರ ಒತ್ತಾಗಿ ಕೆಳಗಿಳಿಯುತ್ತವೆ, ಅದೇ ಸ್ವರದ ದೀರ್ಘ ಮಾತ್ರ ಎಲ್ಲ ಮುಗಿದ ಮೇಲೆ ಬಲಗಡೆ ಬರುತ್ತದೆ. ‘ಕರ್ನಾಟಕ’ದಲ್ಲೂ ಹಾಗೇ, ರ ಮೊದಲು ಇದ್ದರೂ ಅರ್ಕಾವತ್ತು ‘ನಾ’ ಆದಮೇಲೆ ಕಾಣುತ್ತದೆ. ನನಗೆ ಇದು ಎಷ್ಟು ಸಲ ನೋಡಿದರೂ ಚೆಂದ.

ಈ ಜೋಡಣೆಯ ನಿಯಮಗಳು, ಒತ್ತುಗಳ ಆಕಾರಗಳು ಫಾಂಟಿನಲ್ಲಿರುತ್ತವೆ. ಅವನ್ನು ಓದಿ ಅಕ್ಷರ ಕಟ್ಟುವುದು ಶೇಪಿಂಗ್ ಎಂಜಿನ್. ಆಂಡ್ರಾಯ್ಡ್, ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಇವೆಲ್ಲ ಹಾರ್ಫ್‌ಬಜ್ ಅನ್ನುವ ಎಂಜಿನ್ ಬಳಸುತ್ತವೆ. ನಿಮ್ಮ ಸಾಫ್ಟ್‌ವೇರಿನಲ್ಲಿ ಆ ಕೆಲಸ ನಡೆಯುತ್ತಿಲ್ಲ, ಅಷ್ಟೇ.

ಉತ್ತರ 2:
ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಕಂಪೋಸರ್ (ಸಾಲಿನಲ್ಲಿ ಅಕ್ಷರ ಜೋಡಿಸುವ ಭಾಗ) ಅಂತ ಏನಾದರೂ ಇದೆಯಾ ನೋಡಿ, ಭಾರತೀಯ ಭಾಷೆಗಳದ್ದು ಎಷ್ಟೋ ಸಲ ಸುಮ್ನೆ ಆಫ್ ಆಗಿರುತ್ತದೆ. ಸಿಗದಿದ್ದರೆ ಲಿಬ್ರೆಆಫೀಸಿನಲ್ಲಿ ಪುಟ ಕಟ್ಟಿ ಪಿಡಿಎಫ್ ಕೊಡಿ. ಆಸ್ಕಿ ಫಾಂಟಿನ ದಾರಿ ಮಾತ್ರ ಬೇಡ. ಅದರಲ್ಲಿ ಉಳಿಯುವುದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಚೂರುಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆಗೆದರೆ ಒಂದು ಪದವೂ ಓದಲು ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಕಂಪೋಸರ್ ಬದಲಿಸಿದೆ, 40 ಪುಟವೂ ಸರಿಹೋಯಿತು! ತುಂಬಾ ಥ್ಯಾಂಕ್ಸ್. ಒಂದೇ ಉಳಿದಿದೆ, ‘ರ‍್ಯಾಂಕ್’ ಅಂತ ಬೇಕು, ‘ರ್ಯಾಂಕ್’ ಅಂತ ಬರುತ್ತಿದೆ.

ಉತ್ತರ 1:
ರ, ಹಲಂತ, ಯ ಬಂದರೆ ಎಂಜಿನ್ ಅದನ್ನು ಅರ್ಕಾವತ್ತು ಅಂತಲೇ ತಿಳಿಯುತ್ತದೆ, ‘ಸೂರ್ಯ’ದಲ್ಲಿ ಬೇಕಾದ್ದೂ ಅದೇ ಅಲ್ವಾ. ಇಲ್ಲಿ ರ ಆದಮೇಲೆ, ಹಲಂತಕ್ಕೆ ಮುಂಚೆ, ಝೀರೋ ವಿಡ್ತ್ ಜಾಯ್ನರ್ ಹಾಕಿ. ಕಣ್ಣಿಗೆ ಕಾಣದ ಸಂಕೇತ ಅದು. ‘ರಾಜ್‌ಕುಮಾರ್’ ಬರೆಯುವಾಗ ಕ ಒತ್ತಾಗಬಾರದು ಅಂದರೆ ಬೇಕಾಗುವುದು ನಾನ್-ಜಾಯ್ನರ್, ಅದನ್ನು ಹಲಂತದ ನಂತರ ಹಾಕಬೇಕು. ಎರಡನ್ನೂ ಅದಲು ಬದಲು ಮಾಡಬೇಡಿ.