ಗೊರೂರು ಹಿನ್ನೀರಿನ ಪಾಚಿ: ಉಪಗ್ರಹ ಚಿತ್ರದ ಲೆಕ್ಕ ಎಲ್ಲಿ ತಪ್ಪುತ್ತಿದೆ?

ಹೇಮಾವತಿ_ತೀರ (ಹಾಸನ):
ಕರಾವಳಿಗೆ ಬಳಸುವ 4 ಕಿ.ಮೀ. ಕ್ಲೋರೋಫಿಲ್ ನಕ್ಷೆಯಲ್ಲಿ ಗೊರೂರು ಜಲಾಶಯದ ಜಾಗ ಖಾಲಿ. ಹಾಗಾಗಿ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಕಡತ ಇಳಿಸಿಕೊಂಡು ಎನ್‌ಡಿಸಿಐ (ನೀರಿನ ಕ್ಲೋರೋಫಿಲ್ ಸೂಚ್ಯಂಕ), ಅಂದರೆ (ಬಿ5−ಬಿ4)/(ಬಿ5+ಬಿ4), ಲೆಕ್ಕ ಹಾಕಿದೆ. ಬಿ4 ಕೆಂಪು ಬೆಳಕಿನ ಪಟ್ಟಿ, ಬಿ5 ಅದರಾಚೆಯ ಕಡುಗೆಂಪು ಪಟ್ಟಿ. 2021ಕ್ಕೆ ಹೋಲಿಸಿದರೆ 2022ರಿಂದೀಚೆಗೆ ಬೆಲೆಗಳೆಲ್ಲ ಸೊನ್ನೆಯ ಹತ್ತಿರ ಬಂದಿವೆ. ಪಾಚಿ ಕಮ್ಮಿಯಾಯಿತು ಅನ್ನಬಹುದೇ? ಇನ್ನೊಂದು, ನಮ್ಮೂರ ಎಂಸಿಎಫ್‌ನಲ್ಲಿ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಕಡಲು ನೋಡುವ ಓಷನ್‌ಸ್ಯಾಟ್ ಉಪಗ್ರಹದ ಡೇಟಾ ಸಿಗುತ್ತದೆಯೇ?

ಪಿಕ್ಸೆಲ್_ಬೇಲೂರು:
ಪಾಚಿ ಕಮ್ಮಿಯಾಗಿಲ್ಲ ಸರ್, ಆಫ್‌ಸೆಟ್ ಕಳೆಯುವುದು ಬಿಟ್ಟುಹೋಗಿದೆ. 2022ರ ಜನವರಿ 25ರಿಂದ ಪ್ರತಿ ಪಿಕ್ಸೆಲ್ ಸಂಖ್ಯೆಗೂ 1000 ಸೇರಿಸಿ ಕೊಡುತ್ತಿದ್ದಾರೆ. ಮೊದಲು 1000 ಕಳೆದು, ಆಮೇಲೆ 10,000ದಿಂದ ಭಾಗಿಸಬೇಕು. ನೀರು ಕಪ್ಪು ಮೇಲ್ಮೈ ಆದ್ದರಿಂದ ಪೆಟ್ಟು ದೊಡ್ಡದು: ಬಿ5 1400, ಬಿ4 1300 ಇದ್ದರೆ ನೇರ ಲೆಕ್ಕಕ್ಕೆ 0.04 ಬರುತ್ತದೆ, ಸಾವಿರ ಕಳೆದರೆ 100/700, ಅಂದರೆ 0.14. ಹಳೆಯ ಚಿತ್ರಗಳ ಮರುಸಂಸ್ಕರಿಸಿದ ಆವೃತ್ತಿಯಲ್ಲೂ ಇದು ಇರುತ್ತದೆ. ದಿನಾಂಕ ನಂಬಬೇಡಿ, ಕಡತದ ಜೊತೆ ಬರುವ ವಿವರದಲ್ಲಿ (ಮೆಟಾಡೇಟಾ) ಆಫ್‌ಸೆಟ್ ನೋಡಿ.

ನೆಲ ಬಿಟ್ಟು ನೀರನ್ನಷ್ಟೇ ಉಳಿಸುವ ಮಾಸ್ಕ್ ಹೇಗೆ ಹಾಕಿದ್ದೀರಿ? ಪ್ರತಿ ದಿನಾಂಕಕ್ಕೂ ಎನ್‌ಡಿಡಬ್ಲ್ಯೂಐ (ನೀರು ಗುರುತಿಸುವ ಸೂಚ್ಯಂಕ) ಮಾಸ್ಕ್ ಹಾಕಿದರೆ ದಪ್ಪ ಪಾಚಿಯ ಕೆನೆ ನೆಲವೆಂದು ಕತ್ತರಿಸಿ ಹೋಗುತ್ತದೆ, ನಿಮಗೆ ಬೇಕಾದದ್ದೇ ಅದು. ಜಲಾಶಯ ತುಂಬಿದ ದಿನದ ಗಡಿ ಇಟ್ಟುಕೊಂಡರೆ ಬೇಸಿಗೆಯಲ್ಲಿ ನೀರು ಇಳಿದ ದಂಡೆಯ ಹುಲ್ಲೂ ಪಾಚಿಯಾಗಿ ಕಾಣುತ್ತದೆ. ಏಪ್ರಿಲ್–ಮೇ ತಿಂಗಳ ಕನಿಷ್ಠ ನೀರಿನ ಗಡಿ ಎಳೆದು, ಒಳಕ್ಕೆ ಇನ್ನೂ 40 ಮೀಟರ್ ಬಿಡಿ. ಬಿ5 ಪಿಕ್ಸೆಲ್ 20 ಮೀಟರಿನದು, ದಂಡೆಯ ಎರಡು ಸಾಲು ಯಾವಾಗಲೂ ಮಣ್ಣು ನೀರಿನ ಬೆರಕೆ.

ನೀರಿನ ಮೇಲೆ ತೇಲುವ ಅಂತರಗಂಗೆ ಗಿಡಕ್ಕೂ ಎನ್‌ಡಿಸಿಐ ಜೋರಾಗಿಯೇ ಬರುತ್ತದೆ. ಬಿ11 (ಅವಕೆಂಪು ಪಟ್ಟಿ) ನೋಡಿ: ನೀರಿನಲ್ಲಿ ಬೆರೆತ ಪಾಚಿಗೆ ಅದು ಸೊನ್ನೆಯ ಹತ್ತಿರ, ಎಲೆಗೆ ಎದ್ದು ಕಾಣುತ್ತದೆ.

ಮೂಡಿಗೆರೆ_ಮಳೆ:
ಎಂಸಿಎಫ್ ಕೆಲಸ 36,000 ಕಿ.ಮೀ. ಎತ್ತರದ ಇನ್ಸಾಟ್, ಜಿಸ್ಯಾಟ್‌ಗಳ ನಿಯಂತ್ರಣ. ಡೇಟಾ ಹಂಚುವುದು ಅಲ್ಲಿಂದಲ್ಲ. 2022ರ ನವೆಂಬರ್‌ನಲ್ಲಿ ಹಾರಿದ ಓಷನ್‌ಸ್ಯಾಟ್-3ರದ್ದು ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿಯ ಭೂನಿಧಿ ಜಾಲತಾಣದಲ್ಲಿದೆ, ಇನ್ಸಾಟ್‌ನ ಸಮುದ್ರ ಮೇಲ್ಮೈ ತಾಪಮಾನ ಇಸ್ರೋದ್ದೇ ಆದ ಮಾಸ್‌ಡ್ಯಾಕ್ ತಾಣದಲ್ಲಿದೆ. ಓಷನ್‌ಸ್ಯಾಟ್-3ರ ವರ್ಣಮಾಪಕದ ಪಿಕ್ಸೆಲ್ ಸುಮಾರು 360 ಮೀಟರ್, ಹಿನ್ನೀರಿನ ಕವಲುಗಳಿಗೆ ದಪ್ಪವಾಯಿತು.

ಕಡಲಿಗೆ ಹೋದರೂ ಎಚ್ಚರ ಬೇಕು. ಅಲ್ಲಿಯ ಕ್ಲೋರೋಫಿಲ್ ಲೆಕ್ಕ ನೀಲಿ–ಹಸಿರು ಬೆಳಕಿನ ಅನುಪಾತದ ಮೇಲೆ ನಿಂತದ್ದು. ಕುದುರೆಮುಖದ ಕಡೆಯಿಂದ ನೇತ್ರಾವತಿ ಹೊತ್ತೊಯ್ಯುವ ಮಣ್ಣು ಮಂಗಳೂರಿನ ಅಳಿವೆಯಲ್ಲಿ ಅದನ್ನು ಕೆಡಿಸುತ್ತದೆ. ಕಡಲು ಬಿಸಿಯಾದರೆ ಪಾಚಿ ಹೆಚ್ಚು ಎಂಬ ನೇರ ಸೂತ್ರವೂ ನಮ್ಮ ಕರಾವಳಿಗೆ ಒಗ್ಗದು. ಮುಂಗಾರಿನಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುತ್ತದೆ. ಮೇಲ್ಮೈ ತಣ್ಣಗಾಗುತ್ತದೆ, ಪಾಚಿ ಹೆಚ್ಚುತ್ತದೆ. ಆಗಲೇ ಮೋಡವೂ ಕವಿದಿರುತ್ತದೆ. ಕಡಲನ್ನು ಕೆಂಪಾಗಿಸುವ ಸೂಕ್ಷ್ಮಜೀವಿ ಕೆಂಪು ನಾಕ್ಟಿಲೂಕಕ್ಕೆ ಸ್ವಂತ ಕ್ಲೋರೋಫಿಲ್ ಇಲ್ಲ, ಬೇರೆ ಜೀವಿಗಳನ್ನು ತಿಂದು ಬದುಕುತ್ತದೆ. ಕ್ಲೋರೋಫಿಲ್ ನಕ್ಷೆಯೊಂದನ್ನೇ ನೋಡಿದರೆ ಅದು ತಪ್ಪಿಹೋಗಬಹುದು.

ಹೇಮಾವತಿ_ತೀರ:
ಸಾವಿರ ಕಳೆದ ಮೇಲೆ ಸರಿಹೋಯಿತು, ಧನ್ಯವಾದ. ಬೆಲೆ ಜಾಸ್ತಿ ಇರುವ ಕಡೆ ನೀರು ವಿಷ ಎಂದು ಊರವರಿಗೆ ಹೇಳಬಹುದೇ?

ನೀರು_ಲ್ಯಾಬ್:
ಬೇಡ ಸರ್, ಉಪಗ್ರಹಕ್ಕೆ ವಿಷ ಕಾಣುವುದಿಲ್ಲ. ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿಯ ಫೈಕೋಸಯಾನಿನ್ ಎಂಬ ನೀಲಿ ವರ್ಣಕ ಗುರುತಿಸಲು 620 ನ್ಯಾನೋಮೀಟರ್ ಪಟ್ಟಿ ಬೇಕು. ಅದು ಸೆಂಟಿನೆಲ್-2ರಲ್ಲಿ ಇಲ್ಲ. ಸೆಂಟಿನೆಲ್-3ರಲ್ಲಿದೆ, ಆದರೆ ಪಿಕ್ಸೆಲ್ 300 ಮೀಟರ್. ಸೆಂಟಿನೆಲ್-2 ಹಾಯುವುದು ಬೆಳಿಗ್ಗೆ 11ರ ಆಸುಪಾಸು, ಅದೇ ಹೊತ್ತಿಗೆ ನೀರು ತುಂಬಿಕೊಳ್ಳಿ. ಗಾಳಿ ಎದ್ದರೆ ಕೆನೆ ಒಂದೇ ದಂಡೆಗೆ ಒತ್ತಿಕೊಳ್ಳುತ್ತದೆ. ಸೂಕ್ಷ್ಮದರ್ಶಕಕ್ಕೆ 250 ಮಿ.ಲೀ. ನೀರಿಗೆ ತೆಳು ಟೀ ಬಣ್ಣ ಬರುವಷ್ಟು ಲುಗಾಲ್ ಅಯೋಡಿನ್ ಹಾಕಿ. ವಿಷದ ಪರೀಕ್ಷೆಗೆ ಬೇರೆ ಬಾಟಲಿ: ಕಂದು ಗಾಜಿನದು, ಲುಗಾಲ್ ಹಾಕದೆ ಐಸ್ ಪೆಟ್ಟಿಗೆಯಲ್ಲಿ. ಕುಡಿಯುವ ನೀರಿನಲ್ಲಿ ಈ ಪಾಚಿಯ ವಿಷವಾದ ಮೈಕ್ರೋಸಿಸ್ಟಿನ್-ಎಲ್‌ಆರ್‌ಗೆ ವಿಶ್ವ ಆರೋಗ್ಯ ಸಂಸ್ಥೆಯ ತಾತ್ಕಾಲಿಕ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಕುದಿಸಿದರೆ ಈ ವಿಷ ಹೋಗುವುದಿಲ್ಲ, ಪಾಚಿಯ ಕೋಶ ಒಡೆದು ಒಳಗಿದ್ದದ್ದೂ ನೀರಿಗೆ ಸೇರುತ್ತದೆ. ಫಲಿತಾಂಶ ಬರುವ ತನಕ ಕೆನೆ ಕಟ್ಟಿದ ಕಡೆ ದನಗಳನ್ನು ನೀರಿಗೆ ಬಿಡಬೇಡಿ ಅಂತ ಮಾತ್ರ ಊರವರಿಗೆ ಇವತ್ತೇ ಹೇಳಿ.