ಜೈಲು ಸಿಬ್ಬಂದಿಯ ತರಬೇತಿಗೆ: ‘ಓವರ್‌ಸೈಟ್’ಗೆ ಯಾವ ಪದ? ದೂರು ‘ವಿಲೇವಾರಿ’ ಸರಿಯೇ?

ಪರಪ್ಪನ ಅಗ್ರಹಾರದಂಥ ಕೇಂದ್ರ ಕಾರಾಗೃಹದ ಸಿಬ್ಬಂದಿಗೆ ಕನ್ನಡದಲ್ಲಿ ತರಬೇತಿ ಟಿಪ್ಪಣಿ ಬರೆಯಲು ಕೂತರೆ ಮೊದಲು ತೊಡಕಾಗುವುದು ‘ಇಂಡಿಪೆಂಡೆಂಟ್ ಓವರ್‌ಸೈಟ್’. ಇಲಾಖೆಗೆ ಸೇರದವರು ಒಳಗೆ ಬಂದು, ಬಂದಿಗಳ ಜತೆ ಮಾತಾಡಿ, ವರದಿ ಕೊಡುವ ವ್ಯವಸ್ಥೆ ಇದು. ‘ಮೇಲ್ವಿಚಾರಣೆ’ ಎಂದರೆ ಅಧೀಕ್ಷಕರು ಕೈಕೆಳಗಿನವರ ಕೆಲಸ ನೋಡುವುದು ಎಂದಾಗುತ್ತದೆ. ‘ತಪಾಸಣೆ’ ಎಂದರೆ ಬ್ಯಾರಕ್ಕಿನಲ್ಲಿ ಮೊಬೈಲ್ ಹುಡುಕುವುದು. ‘ವೀಕ್ಷಕ’ ಎನ್ನೋಣವೆಂದರೆ ಅದು ವಾರ್ಡರನ್ನೇ ಕರೆಯುವ ಹೆಸರು. ‘ಸಂದರ್ಶಕರ ಮಂಡಳಿ’, ‘ಅಧಿಕಾರೇತರ ಸಂದರ್ಶಕರು’ ಜೈಲು ನಿಯಮಗಳ ಮಾತಿಗೆ ಹತ್ತಿರವಾದರೂ ಗೇಟಿನಲ್ಲಿ ಸಂದರ್ಶನವೆಂದರೆ ಮನೆಯವರ ಭೇಟಿ. ಸದ್ಯಕ್ಕೆ ‘ಸ್ವತಂತ್ರ ಪರಿಶೀಲನೆ’ ಎಂದಿಟ್ಟು, ನ್ಯಾಯಾಧೀಶರು, ಮಾನವ ಹಕ್ಕುಗಳ ಆಯೋಗ ಎಂದು ಯಾರ್‍ಯಾರೆಂಬುದನ್ನು ಪಕ್ಕದಲ್ಲೇ ಹೇಳುವುದು ಮೇಲು.

‘ಅಹವಾಲು’ ಮತ್ತು ‘ದೂರು’ ಬೇರೆಯಾಗಿಯೇ ಇರಲಿ. ಹೊದಿಕೆ ಬೇಕು, ವಕೀಲರಿಗೆ ಫೋನ್ ಮಾಡಬೇಕು ಎಂಬುದು ಅಹವಾಲು. ಅಧೀಕ್ಷಕರ ಹಂತದಲ್ಲೇ ಮುಗಿಯುತ್ತದೆ. ಹೊಡೆದರು, ಹಣ ಕೇಳಿದರು ಎಂಬುದು ದೂರು. ಅದು ಯಾರ ಮೇಲಿದೆಯೋ ಅವರ ಕೈಗೆ ಹೋಗಲೇಕೂಡದು. ಎರಡನ್ನೂ ‘ಕುಂದುಕೊರತೆ’ ಎಂದು ಒಂದೇ ವಹಿಯಲ್ಲಿ ಬರೆದರೆ ಹೊಡೆತದ ದೂರು ಹೊದಿಕೆಯ ಸಾಲಿನಲ್ಲಿ ಕಳೆದುಹೋಗುತ್ತದೆ.

‘ವಿಲೇವಾರಿ’ ಬೇಡವೇ ಬೇಡ. ಕಡತ ಮುಚ್ಚಿದರೂ ವಿಲೇವಾರಿಯೇ, ಕಸ ಸಾಗಿಸಿದರೂ ವಿಲೇವಾರಿಯೇ. ಬಂದಿಗಳನ್ನು ನಡೆಸಿಕೊಳ್ಳುವ ಬಗ್ಗೆ ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 57ನೆಯದು ದೂರಿಗೆ ತಡಮಾಡದೆ ಉತ್ತರ ಕೊಡಬೇಕು, ದೂರಿತ್ತವರ ಮೇಲೆ ಸೇಡು ತೀರಿಸಿಕೊಳ್ಳದಂತೆ ಕಾಯಬೇಕು ಎನ್ನುತ್ತದೆ. ‘ಇತ್ಯರ್ಥ’ ಎಂದರೆ ಉತ್ತರ ಕೊಟ್ಟಿರಬೇಕೆಂಬ ಭಾವವಾದರೂ ಬರುತ್ತದೆ.

ಪದಕ್ಕಿಂತ ಹೆಚ್ಚು ಕೆಡಿಸುವುದು ‘-ಲಾಗುವುದು’. ‘ದೂರು ಪೆಟ್ಟಿಗೆಯನ್ನು ಕಾಲಕಾಲಕ್ಕೆ ತೆರೆಯಲಾಗುವುದು’. ಯಾರು ತೆರೆಯುತ್ತಾರೆ? ಕೀಲಿ ಯಾರ ಬಳಿ? ತಿಹಾರ್ ಜೈಲಿನ ಬಂದಿಯೊಬ್ಬರ ಪತ್ರದಿಂದ ಶುರುವಾದ ಸುನಿಲ್ ಬಾತ್ರಾ ಪ್ರಕರಣದ 1979ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪೆಟ್ಟಿಗೆಗಳು ಜಿಲ್ಲಾ ಮ್ಯಾಜಿಸ್ಟ್ರೇಟ್ ಮತ್ತು ಸೆಷನ್ಸ್ ನ್ಯಾಯಾಧೀಶರ ಆದೇಶದಡಿ ಇರಬೇಕು, ಎಲ್ಲ ಬಂದಿಗಳ ಕೈಗೂ ಎಟುಕಬೇಕು ಎಂದಿತು. ಕೀಲಿ ಸಿಬ್ಬಂದಿಯ ಬಳಿಯೇ ಉಳಿದರೆ ಪೆಟ್ಟಿಗೆಗೆ ಚೀಟಿ ಬೀಳುವುದಿಲ್ಲ. ಆದ್ದರಿಂದ ಕರ್ತೃವನ್ನು ಬಿಡದೆ ಬರೆಯೋಣ: ‘ಪೆಟ್ಟಿಗೆಯನ್ನು ನ್ಯಾಯಾಧೀಶರು ಅಥವಾ ಅವರು ನೇಮಿಸಿದವರೇ ತೆರೆಯುತ್ತಾರೆ. ಸಿಬ್ಬಂದಿ ಚೀಟಿ ಓದುವಂತಿಲ್ಲ, ತಡೆಯುವಂತಿಲ್ಲ.’ ಓದುಬರಹ ಬಾರದ ಬಂದಿಯ ದೂರನ್ನು ಯಾರು ಬರೆದುಕೊಡುತ್ತಾರೆ ಎಂಬುದಕ್ಕೂ ಹೀಗೆಯೇ ಒಂದು ಸಾಲು ಬೇಕು.

ಇನ್ನು ಕೇಳುವುದಿಷ್ಟು: ಬೆಳಗಾವಿ, ಕಲಬುರಗಿ ಕಡೆ ದೂರಿಗೆ ‘ತಕರಾರು’ ಎನ್ನುವುದು ವಾಡಿಕೆ. ಅಲ್ಲಿನ ಸಿಬ್ಬಂದಿಗೆ ಆ ಪದ ಜಗಳಗಂಟತನದ ಆರೋಪದಂತೆ ಕೇಳಿಸುತ್ತದೆಯೇ, ಅಥವಾ ಬರಿಯ ದೂರೆಂದೇ? ‘ಸ್ವತಂತ್ರ ಪರಿಶೀಲನೆ’ಗಿಂತ ನಾಲಿಗೆಗೆ ಸಲೀಸಾದ ಪದವಿದ್ದರೆ ಅದನ್ನೂ ತಿಳಿಸಿ.