ನದಿಯಲ್ಲಿ ಮೂರ್ನಾಲ್ಕು ದಿನ ಹಾಯಿದೋಣಿ ಪಯಣ: ಬೆಂಗಳೂರಿನವರ ಅನುಭವಗಳು

ಬನಶಂಕರಿಯಿಂದ ಪ್ರಶ್ನೆ:
ನಾನು ಮತ್ತು ನನ್ನ ಭಾವ ಕೆಆರ್‌ಎಸ್ ಹಿನ್ನೀರಿನಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತಿದ್ದೇವೆ. 13 ಅಡಿಯ ಎಂಟರ್‌ಪ್ರೈಸ್ ದೋಣಿ ಸಿಗುತ್ತದೆ, ಮೋಟಾರ್ ಇಲ್ಲ. ಜನವರಿಯಲ್ಲಿ ಮೂರ್ನಾಲ್ಕು ದಿನ ನದಿಯಲ್ಲೇ ಸಾಗಬೇಕು, ರಾತ್ರಿ ದಡದಲ್ಲಿ ತಂಗಬೇಕು ಅಂತ ಆಸೆ. ಬೆಂಗಳೂರಿಗೆ ಹತ್ತಿರ ಅಂತ ಕಾವೇರಿ ಮನಸ್ಸಿನಲ್ಲಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಮಲ್ಲೇಶ್ವರದಿಂದ ಉತ್ತರ:
ಸರ್, ಕಾವೇರಿ ಬಿಟ್ಟುಬಿಡಿ. ಶಿವನಸಮುದ್ರದ ಕೆಳಗೆ ಬಂಡೆ, ರಭಸ, ಮೊಸಳೆ. ಭೀಮೇಶ್ವರಿ, ಸಂಗಮದ ಕಡೆ ದಡವೆಲ್ಲ ವನ್ಯಜೀವಿಧಾಮ, ಸುಮ್ನೆ ಡೇರೆ ಹಾಕಿ ಮಲಗುವಂತಿಲ್ಲ. ಅದು ತೆಪ್ಪದ ನದಿ, ಹಾಯಿಯದ್ದಲ್ಲ. ನಿಮಗೆ ಬೇಕಾಗಿರುವುದು ಅಗಲ, ಆಳ, ದಿನಾ ನಂಬಬಹುದಾದ ಗಾಳಿ. ಇವು ಸಿಗುವುದು ಕರಾವಳಿಯಲ್ಲಿ, ಸಮುದ್ರದ ಉಬ್ಬರ ಒಳಗೆ ಬರುವಷ್ಟು ದೂರದ ನದಿಯಲ್ಲಿ.

ನಾನಾದರೆ ಶರಾವತಿಗೆ ಹೋಗಿ ಅನ್ನುತ್ತೇನೆ. ಹೊನ್ನಾವರದಿಂದ ಗೇರುಸೊಪ್ಪೆವರೆಗೆ ಸುಮಾರು 29 ಕಿ.ಮೀ. ರಾಷ್ಟ್ರೀಯ ಜಲಮಾರ್ಗ 90 ಅಂತ ಗುರುತಿಸಿರುವುದು ಇದೇ ಭಾಗವನ್ನು. ಅಷ್ಟೇನಾ, ಒಂದು ದಿನದಲ್ಲಿ ಮುಗಿಯುತ್ತದಲ್ಲ ಅನ್ನಿಸಬಹುದು. ಆದರೆ ಅಲ್ಲಿ ಕಿಲೋಮೀಟರ್ ಲೆಕ್ಕ ನಡೆಯುವುದಿಲ್ಲ. ಗಾಳಿಯೂ ನೀರೂ ಒಂದೇ ಕಡೆ ಹೋಗುವ ಗಂಟೆಗಳು ದಿನಕ್ಕೆ ಎಷ್ಟು ಸಿಗುತ್ತವೆ ಅನ್ನುವುದೇ ಲೆಕ್ಕ.

ಜನವರಿಯಲ್ಲಿ ಅಲ್ಲಿ ದಿನಾ ಎರಡು ಗಾಳಿ. ನೆಲ ಕಾದ ಮೇಲೆ, ಹನ್ನೊಂದು ಹನ್ನೆರಡರ ಹೊತ್ತಿಗೆ, ಕಡಲ ಕಡೆಯಿಂದ ಗಾಳಿ ಏಳುತ್ತದೆ. ಸಂಜೆಗೆ ನಿಲ್ಲುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ತೆಳುವಾಗಿ ಬೀಸುತ್ತದೆ, ಬೆಳಿಗ್ಗೆ ಬಿಸಿಲು ಏರುವ ತನಕ ಇರುತ್ತದೆ. ನದಿ ಪಶ್ಚಿಮಕ್ಕೆ ಹರಿಯುವುದರಿಂದ ಮಧ್ಯಾಹ್ನದ ಗಾಳಿ ನಿಮ್ಮನ್ನು ಗೇರುಸೊಪ್ಪೆ ಕಡೆಗೆ ತಳ್ಳುತ್ತದೆ, ಬೆಳಗಿನ ಗಾಳಿ ಹೊನ್ನಾವರದ ಕಡೆಗೆ.

ಇನ್ನು ನೀರು. ಆರು ಗಂಟೆ ಚಿಲ್ಲರೆ ಏರುತ್ತದೆ, ಹೆಚ್ಚುಕಡಿಮೆ ಅಷ್ಟೇ ಹೊತ್ತು ಇಳಿಯುತ್ತದೆ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಆ ಕರಾವಳಿಯಲ್ಲಿ ತುಂಬು ಉಬ್ಬರ ಬರುವುದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ನಿಮ್ಮ ಗಾಳಿ ಏಳುವಾಗ ನೀರು ಇಳಿಯಲು ಶುರುವಾಗಿರುತ್ತದೆ. ಹಾಯಿ ತುಂಬಿರುತ್ತದೆ, ದಡದ ತೆಂಗಿನಮರ ಮಾತ್ರ ಕದಲುವುದಿಲ್ಲ! ಅಷ್ಟಮಿ ಆಸುಪಾಸಿನಲ್ಲಿ ಇದು ತಿರುಗುತ್ತದೆ. ಹನ್ನೊಂದರಿಂದ ಐದರ ತನಕ ನೀರು ಏರುತ್ತಿರುತ್ತದೆ, ಗಾಳಿಯೂ ಅದೇ ಕಡೆಗೆ. ಬೆಳಗಿನ ಜಾವ ಇಳಿತ ಶುರು, ಘಟ್ಟದ ಗಾಳಿಯೂ ಅದರ ಜೊತೆಗೆ. ಅಷ್ಟಮಿಗೆ ಉಬ್ಬರದ ಎಳೆತವೂ ಕಡಿಮೆ, ಹೊಸಬರಿಗೆ ಒಳ್ಳೆಯದು. ಹಾಗಾಗಿ ರಜೆ ಹಾಕುವ ಮೊದಲು ಮನೆಯ ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ. ಆಮೇಲೆ ಕಾರವಾರದ ಉಬ್ಬರದ ಕೋಷ್ಟಕ ತೆಗೆದು ಗಂಟೆ ಖಚಿತ ಮಾಡಿಕೊಳ್ಳಿ. ನದಿಯಲ್ಲಿ ಮೇಲಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ ಅನ್ನುವುದೂ ನೆನಪಿರಲಿ.

ಎಚ್‌ಎಸ್‌ಆರ್ ಲೇಔಟ್‌ನಿಂದ, ಊರು ಹೊನ್ನಾವರ:
ಮಲ್ಲೇಶ್ವರದವರು ಹೇಳಿದ ತಿಥಿಯ ಲೆಕ್ಕ ನೂರಕ್ಕೆ ನೂರು ಸರಿ. ನಮ್ಮ ಕಡೆ ಮೀನು ಹಿಡಿಯುವವರೂ ಮೊದಲು ನೋಡುವುದು ಅದನ್ನೇ.

ದೋಣಿಯನ್ನು ಹೆದ್ದಾರಿ ಸೇತುವೆ, ರೈಲು ಸೇತುವೆ ಎರಡನ್ನೂ ದಾಟಿ ಒಳಬದಿಯಲ್ಲಿ ನೀರಿಗಿಳಿಸಿ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಅದು, ಎರಡು ಕಿ.ಮೀ.ಗೂ ಜಾಸ್ತಿ. ಅದರ ಕಂಬಗಳ ನಡುವೆ ಗಾಳಿ, ಸೆಳೆತ ಎರಡೂ ತಿರುಚಿಕೊಳ್ಳುತ್ತವೆ. ಮುಂದಕ್ಕೂ ನದಿ ದಾಟುವ ಕರೆಂಟ್ ತಂತಿಗಳ ಮೇಲೆ ಕಣ್ಣಿರಲಿ. ನಿಮ್ಮ ಹಾಯಿಕಂಬ ಅಲ್ಯೂಮಿನಿಯಂ, ಅಲ್ವಾ? ತಂತಿಗೆ ತಾಗಲೇಬೇಕಿಲ್ಲ, ತೀರಾ ಹತ್ತಿರ ಹೋದರೂ ಅಪಾಯ. ಅನುಮಾನ ಬಂದರೆ ಕಂಬ ಇಳಿಸಿ, ಹುಟ್ಟು ಹಾಕಿಕೊಂಡು ದಾಟಿ. ಒಂದು ಜೊತೆ ಒಳ್ಳೆಯ ಹುಟ್ಟು ಇಲ್ಲದೆ ಹೊರಡಲೇಬೇಡಿ.

ಜಾಸ್ತಿ ಹೇಳಬೇಕಾಗಿರುವುದು ದೋಣಿ ಕಟ್ಟುವ ಬಗ್ಗೆ. ಕೆರೆ, ಹಿನ್ನೀರಿನಲ್ಲಿ ಕಲಿತವರಿಗೆ ಇದು ಹೊಸದು. ಸಂಜೆ ತುಂಬಿದ ನೀರಿನಲ್ಲಿ ದಕ್ಕೆಗೆ ಗಿಡ್ಡ ಹಗ್ಗದಲ್ಲಿ ಬಿಗಿದರೆ, ರಾತ್ರಿ ನೀರು ಇಳಿದಾಗ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ದಡಕ್ಕೆ ತೀರಾ ಹತ್ತಿರ ಬಿಟ್ಟರೆ ಕೆಸರಿನಲ್ಲಿ ಕೂರುತ್ತದೆ, ಕೆಳಗೆ ಕಲ್ಲಿದ್ದರೆ ತಳ ಕೆರೆದುಹೋಗುತ್ತದೆ. ಹಿಂದಿನಿಂದ ಲಂಗರು ಆಳಕ್ಕೆ ಬಿಡಿ, ಮುಂದಿನಿಂದ ಉದ್ದ ಹಗ್ಗ ಮರಕ್ಕೆ ಕಟ್ಟಿ. ಸೆಂಟರ್‌ಬೋರ್ಡ್, ಅಂದರೆ ದೋಣಿಯ ತಳದಿಂದ ನೀರಿಗಿಳಿಯುವ ಹಲಗೆ, ಮೇಲಕ್ಕೆತ್ತಿ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುವ ಕಡೆ ಇಳಿಯಬೇಡಿ. ಮೊಣಕಾಲಿನ ತನಕ ಕೆಸರು, ಒಳಗೆ ಚಿಪ್ಪಿನ ಚೂರು, ಕಾಲು ಸೀಳುತ್ತದೆ. ಹಳೆಯ ಕ್ಯಾನ್ವಾಸ್ ಶೂ ಹಾಕಿಕೊಂಡೇ ಇಳಿಯಿರಿ.

ಕತ್ತಲಲ್ಲಿ ಸಾಗಬೇಡಿ. ಗೂಟ ನೆಟ್ಟು ಬಲೆ ಕಟ್ಟಿರುತ್ತಾರೆ, ಕಾಣುವುದಿಲ್ಲ. ಚುಕ್ಕಾಣಿಗೆ ಬಲೆ ಸಿಕ್ಕಿದರೆ ಎಳೆದು ಹರಿಯಬೇಡಿ, ಅದು ಒಬ್ಬರ ಅನ್ನ. ಹಾಯಿ ಇಳಿಸಿ, ಚುಕ್ಕಾಣಿ ಬಿಚ್ಚಿ, ಬಿಡಿಸಿ. ತಂಗುವ ಜಾಗವನ್ನು ಮಧ್ಯಾಹ್ನವೇ ಅಲ್ಲಿನವರ ಹತ್ತಿರ ಕೇಳಿಕೊಳ್ಳಿ. ದಡದ ತೋಟಗಳೆಲ್ಲ ಯಾರದೋ ಮನೆಯದ್ದು. "ಅಕ್ಕಾ, ಒಂದು ರಾತ್ರಿ ಇಲ್ಲಿ ಮಲಗ್ಬಹುದಾ?" ಅಂದರೆ ಬೇಡ ಅನ್ನುವವರು ಕಡಿಮೆ. ಕುಡಿಯುವ ನೀರು ಕೊಂಡೊಯ್ಯಿರಿ, ಜನವರಿಯಲ್ಲಿ ಕೆಳಭಾಗದ ನದಿನೀರು ಉಪ್ಪು.

ಗೇರುಸೊಪ್ಪೆ ಹತ್ತಿರ ಹೋದಾಗ ಎಚ್ಚರ. ಮೇಲೆ ವಿದ್ಯುತ್ ಘಟಕದ ಅಣೆಕಟ್ಟೆ ಇದೆ, ಕರೆಂಟ್ ಉತ್ಪಾದಿಸುವಾಗ ನೀರು ಬಿಡುತ್ತಾರೆ, ಹರಿವು ಒಮ್ಮೆಲೇ ಜೋರಾಗುತ್ತದೆ. ಕೆಳಗೇ ದೋಣಿ ಭದ್ರ ಮಾಡಿ, ಚತುರ್ಮುಖ ಬಸದಿ ನೋಡಿ ಬನ್ನಿ. ಚೆನ್ನಭೈರಾದೇವಿ ಆಳಿದ ಊರು, ಅಷ್ಟು ದೂರ ಹೋಗಿ ನೋಡದೆ ಬಂದರೆ ನನಗೆ ಬೇಜಾರು.

ಜಯನಗರದಿಂದ:
ಎರಡೇ ಮಾತು. ಎಂಟರ್‌ಪ್ರೈಸ್ ಸ್ಪರ್ಧೆಯ ದೋಣಿ, ಸಾಮಾನು ಹೊರುವುದಕ್ಕೆ ಮಾಡಿದ್ದಲ್ಲ. ಭಾರವನ್ನೆಲ್ಲ ನಡುವೆ, ತಳದಲ್ಲಿ ಕಟ್ಟಿ. ಹೊರಡುವ ಮೊದಲು ಕೆಆರ್‌ಎಸ್‌ನಲ್ಲಿ ಪೂರ್ತಿ ಸಾಮಾನು ಹೇರಿ, ಬೇಕಂತಲೇ ದೋಣಿ ಮಗುಚಿ, ಎತ್ತಿ ನೋಡಿ. ಖಾಲಿ ದೋಣಿ ಎತ್ತುವುದಕ್ಕೂ ಇದಕ್ಕೂ ಅಜಗಜಾಂತರ. ಲೈಫ್ ಜಾಕೆಟ್ ಮೈಮೇಲೇ ಇರಲಿ. ದೋಣಿ ಒಯ್ಯಲು ಟಾಟಾ ಏಸ್ ಸಾಲದು, ಉದ್ದದ ಲಾರಿ ನೋಡಿ, ಘಟ್ಟದ ತಿರುವುಗಳಿವೆ, ಕಂಬವನ್ನು ಎರಡೂ ತುದಿ ಬಿಗಿಯಿರಿ.

ಬನಶಂಕರಿಯಿಂದ ಮತ್ತೆ:
ಎಲ್ಲರಿಗೂ ಧನ್ಯವಾದ. ಕಾವೇರಿ ಬಿಟ್ಟೆವು. ಕೊನೆಯ ದಿನ ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿ ಬಸವರಾಜದುರ್ಗ ದ್ವೀಪದ ತನಕ ಹೋಗಿಬರಬಹುದಾ?

ಎಚ್‌ಎಸ್‌ಆರ್ ಲೇಔಟ್‌ನಿಂದ:
ಬೇಡ ಸರ್. ಅಳಿವೆಯಲ್ಲಿ ಮರಳದಿಣ್ಣೆ ಜಾಗ ಬದಲಿಸುತ್ತಿರುತ್ತದೆ. ಇಳಿತದ ನೀರು ಹೊರಕ್ಕೆ, ಕಡಲ ಅಲೆ ಒಳಕ್ಕೆ, ಎರಡೂ ಗುದ್ದಿದ ಕಡೆ ಅಲೆ ಗೋಡೆಯ ಹಾಗೆ ಏಳುತ್ತದೆ. ನೂರಾರು ಸಲ ದಾಟಿದವರ ಮೋಟಾರ್ ದೋಣಿಗಳೇ ಅಲ್ಲಿ ಮಗುಚಿವೆ. ದ್ವೀಪ ನೋಡಲೇಬೇಕಿದ್ದರೆ ಮೀನುಗಾರರ ದೋಣಿ ಹಿಡಿದು ಹೋಗಿ. ಹೊರಡುವ ಮೊದಲು ಕರಾವಳಿ ಕಾವಲು ಪೊಲೀಸರಿಗೆ ನಿಮ್ಮ ದಾರಿ, ದಿನಾಂಕ ತಿಳಿಸಿ. ಅವರ ನಂಬರ್ 1093, ಕೋಸ್ಟ್ ಗಾರ್ಡ್‌ನದ್ದು 1554. ಎರಡನ್ನೂ ದೋಣಿಯ ಒಳಗೆ ಮಾರ್ಕರ್‌ನಲ್ಲಿ ಬರೆದಿಡಿ. ಫೋನ್ ಒದ್ದೆಯಾದರೂ ಯಾರದಾದರೂ ಫೋನಿಂದ ಕರೆ ಮಾಡಬಹುದು.